ಕಾರು ಚಾಲನೆಗೊಳ್ಳಲು ವಿಳಂಬವಾದಾಗ ದೋಷ ಗುರುತಿಸುವ ಕ್ರಮ

(ಸಾರಿಗೆ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ)

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 41ರ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ತದನಂತರ ಅದನ್ನು 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ಇದಕ್ಕಾಗಿ ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ 60 ದಿನಗಳ ಒಳಗೆ ಅರ್ಜಿ ಸಲ್ಲಿಸಿ, ನಿಗದಿತ ಶುಲ್ಕ ಪಾವತಿಸಿ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ಹಾಜರುಪಡಿಸತಕ್ಕದ್ದು. ಮೇಲ್ಕಂಡ ನಾಲ್ಕು ತಾಲ್ಲೂಕುಗಳ ಕೆಎ-17 ಸರಣಿಯ ವಾಹನಗಳ ಮಾಲೀಕರು ಈ ಕಾರ್ಯಕ್ಕಾಗಿ ದಾವಣಗೆರೆಯವರೆಗೆ ಪ್ರಯಾಣಿಸುತ್ತಾರೆ. ಬೆಳಿಗ್ಗೆ ಊರಿನಲ್ಲಿ ಹತ್ತು ಬಾರಿ ಸೆಲ್ಫ್ ಹೊಡೆದು ಹೇಗೋ ಹೊರಟ ಕಾರು, ತಪಾಸಣಾ ಸ್ಥಳದ ಸರತಿಯಲ್ಲಿ ಒಮ್ಮೆ ನಿಂತ ಮೇಲೆ ಮತ್ತೆ ಚಾಲೂ ಆಗದಿದ್ದರೆ ಅಂದಿನ ದಿನ, ಅಂದಿನ ಕೂಲಿ ಮತ್ತು ಬಂದುಹೋಗುವ ವೆಚ್ಚ ಮೂರೂ ವ್ಯರ್ಥವಾಗುತ್ತವೆ. ಇದೇ ಕಾರನ್ನು ನಡುರಾತ್ರಿಯಲ್ಲಿ ಹೆರಿಗೆಗೋ ಎದೆನೋವಿಗೋ ಆಸ್ಪತ್ರೆಗೆ ಹೊರಡಿಸಬೇಕಾದಾಗ ಉಂಟಾಗುವ ತೊಂದರೆಯನ್ನು ವಿವರಿಸಬೇಕಾಗಿಲ್ಲ.

ಇಂತಹ ದೋಷ ಕಂಡಾಗ ಬಹುತೇಕ ಮಾಲೀಕರು ಮೊದಲು ಹೊಸ ಬ್ಯಾಟರಿ ಖರೀದಿಸುತ್ತಾರೆ. ಅದರಿಂದ ಪ್ರಯೋಜನವಾಗದಿದ್ದಲ್ಲಿ ಸೆಲ್ಫ್ ಮೋಟಾರು, ನಂತರ ಪ್ಲಗ್ಗುಗಳು, ನಂತರ ಪೆಟ್ರೋಲ್ ಪಂಪು ಹೀಗೆ ಒಂದೊಂದಾಗಿ ಬದಲಿಸುತ್ತಾ ಹೋಗುತ್ತಾರೆ. ಲೆಕ್ಕಪತ್ರದ ದೃಷ್ಟಿಯಿಂದ ಹೇಳುವುದಾದರೆ ಇದು ಖರ್ಚನ್ನು ಮೊದಲು ಬರೆದು ಕಾರಣವನ್ನು ಆಮೇಲೆ ಹುಡುಕಿದಂತೆ. ಹಣ ವ್ಯಯಿಸದೆ ಮಾಡಬಹುದಾದ ಪರೀಕ್ಷೆಗಳನ್ನು ಮೊದಲು ಮುಗಿಸಿ, ನಂತರ ಗ್ಯಾರೇಜಿಗೆ ಹೋಗುವುದು ಸೂಕ್ತ. ಆ ಪರೀಕ್ಷೆಗಳ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಶಬ್ದವನ್ನು ಗಮನಿಸಿರಿ

"ಗಾಡಿ ಬೇಗ ಸ್ಟಾರ್ಟ್ ಆಗುವುದಿಲ್ಲ" ಎಂಬ ಒಂದೇ ದೂರಿನಲ್ಲಿ ಎರಡು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಕೀಲಿ ತಿರುಗಿಸಿದಾಗ ಎಂಜಿನ್ ತಾನೇ ಭಾರವಾಗಿ, ಎಳೆದೆಳೆದು ತಿರುಗುವುದು ಒಂದು. ಎಂಜಿನ್ ಎಂದಿನ ವೇಗದಲ್ಲಿ ಚುರುಕಾಗಿ ತಿರುಗಿದರೂ ಬಹಳ ಹೊತ್ತಿನವರೆಗೆ ಹತ್ತಿಕೊಳ್ಳದಿರುವುದು ಇನ್ನೊಂದು. ಮೊದಲನೆಯದು ವಿದ್ಯುತ್ತಿಗೆ ಸಂಬಂಧಿಸಿದ್ದು. ಬ್ಯಾಟರಿ, ಅದರ ತಂತಿಗಳು, ಸೆಲ್ಫ್ ಮೋಟಾರು ಇವುಗಳಲ್ಲಿ ಹುಡುಕಬೇಕು. ಎರಡನೆಯದರಲ್ಲಿ ಬ್ಯಾಟರಿಯ ತಪ್ಪು ಬಹುತೇಕ ಇರುವುದಿಲ್ಲ. ಇಂಧನ, ಕಿಡಿ, ಗಾಳಿ ಅಥವಾ ಡೀಸೆಲ್ ವಾಹನವಾದಲ್ಲಿ ಹೀಟರ್ ಪ್ಲಗ್ಗುಗಳಲ್ಲಿ ಹುಡುಕಬೇಕು. ಈ ಒಂದು ವ್ಯತ್ಯಾಸವನ್ನು ಗುರುತಿಸಿ ಮೆಕ್ಯಾನಿಕ್‌ಗೆ ತಿಳಿಸಿದರೆ ಅನಗತ್ಯ ವೆಚ್ಚದ ಅರ್ಧಭಾಗ ಅಲ್ಲಿಯೇ ತಪ್ಪುತ್ತದೆ.

ಪರೀಕ್ಷೆ ನಡೆಸುವ ಮುನ್ನ ಗೇರು ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್ ಬ್ರೇಕ್ ಎಳೆದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಮುಚ್ಚಿದ ಜಾಗದಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಒಂದು ಬಾರಿಗೆ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬಾರದು, ಮತ್ತು ಮುಂದಿನ ಪ್ರಯತ್ನಕ್ಕೆ ಮೊದಲು ಅರ್ಧ ನಿಮಿಷವಾದರೂ ಬಿಡಬೇಕು. ಇಲ್ಲವಾದಲ್ಲಿ ಇದ್ದ ದೋಷದ ಜೊತೆಗೆ ಸೆಲ್ಫ್ ಮೋಟಾರು ಸುಟ್ಟ ದೋಷವೂ ಸೇರಿಕೊಳ್ಳುತ್ತದೆ.

ಎಂಜಿನ್ ಭಾರವಾಗಿ ತಿರುಗುತ್ತಿದ್ದರೆ

ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದು ನೋಡಿರಿ. ಬೆಳಕು ತೀರಾ ಮಂಕಾಗಿ ಬಹುತೇಕ ಆರಿಹೋದಲ್ಲಿ ಬ್ಯಾಟರಿ ದುರ್ಬಲವಾಗಿದೆ ಅಥವಾ ಅದರ ಟರ್ಮಿನಲ್‌ಗಳ ಜೋಡಣೆ ಸರಿಯಾಗಿಲ್ಲ. ಬೆಳಕು ಹಾಗೆಯೇ ಉಳಿದು "ಟಕ್" ಎಂಬ ಒಂದು ಶಬ್ದ ಮಾತ್ರ ಬಂದಲ್ಲಿ ಸೆಲ್ಫ್ ಮೋಟಾರು ಅಥವಾ ಅದರ ಸೊಲೆನಾಯ್ಡ್ ಕಡೆ ಗಮನ ಹರಿಸಬೇಕು. "ಟಕಟಕ" ಎಂದು ವೇಗವಾಗಿ ಬಡಿದುಕೊಂಡರೆ ಅದು ಬ್ಯಾಟರಿ ಇಳಿದಿರುವ ಲಕ್ಷಣ.

ನಂತರ ಬಾನೆಟ್ ತೆರೆದು ಟರ್ಮಿನಲ್‌ಗಳನ್ನು ನೋಡಬೇಕು. ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿಕೊಂಡಿದ್ದರೆ, ಅಥವಾ ಕ್ಲ್ಯಾಂಪು ಕೈಯಿಂದ ಅಲುಗಾಡಿಸಿದಾಗ ತಿರುಗುವಂತಿದ್ದರೆ, ಹೊಸ ಬ್ಯಾಟರಿ ಹಾಕಿದರೂ ದೋಷ ಹೋಗುವುದಿಲ್ಲ. ಮೊದಲು ಮೈನಸ್ ತಂತಿಯನ್ನು, ಆಮೇಲೆ ಪ್ಲಸ್ ತಂತಿಯನ್ನು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಬೆರೆಸಿ ತೊಳೆದು, ಒಣಗಿಸಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು. ಮರುಜೋಡಣೆಯಲ್ಲಿ ಪ್ಲಸ್ ಮೊದಲು, ಮೈನಸ್ ಕೊನೆಗೆ. ಎಂಜಿನ್ನಿನಿಂದ ಕಾರಿನ ಬಾಡಿಗೆ ಹೋಗುವ ಅರ್ಥ್ ಪಟ್ಟಿಯನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಹದಿನೈದು ವರ್ಷದ ಕಾರಿನಲ್ಲಿ ಅದು ತುಕ್ಕು ಹಿಡಿದು ಅರ್ಧ ಕಡಿದಿರುವುದು ಅಪರೂಪವೇನಲ್ಲ, ಬೆಲೆಯೂ ಅತ್ಯಲ್ಪ.

ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಮಲ್ಟಿಮೀಟರ್ ಒಂದಿದ್ದರೆ ಉಳಿದ ಸಂದೇಹವನ್ನು ಅಂಕಿಗಳಲ್ಲಿಯೇ ಬಗೆಹರಿಸಿಕೊಳ್ಳಬಹುದು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯು ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜ್ ಇದೆ. 12.2 ತೋರಿಸಿದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಚೆನ್ನಾಗಿ ಚಾರ್ಜ್ ಮಾಡಿದ ಮೇಲೂ ಹಾಗೆ ಇಳಿದರೆ ಬ್ಯಾಟರಿಯ ಆಯುಷ್ಯ ಮುಗಿದಿದೆ. ಎಂಜಿನ್ ಓಡುತ್ತಿರುವಾಗ 13.8ರಿಂದ 14.5 ವೋಲ್ಟ್ ಬರಬೇಕು. ಅಷ್ಟು ಬಾರದಿದ್ದಲ್ಲಿ ಆಲ್ಟರ್ನೇಟರ್, ಅಂದರೆ ನಮ್ಮ ಭಾಗದ ಗ್ಯಾರೇಜುಗಳಲ್ಲಿ ಡೈನಮೋ ಎಂದೇ ಕರೆಯಲ್ಪಡುವ ಭಾಗ, ಅಥವಾ ಅದರ ಬೆಲ್ಟು ದೋಷಪೂರಿತವಾಗಿದೆ. ಅಂತಹ ಕಾರಿಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ವಾರದೊಳಗೆ ಮತ್ತೆ ಅದೇ ಸ್ಥಿತಿ.

ಬ್ಯಾಟರಿಯನ್ನು ಕೆಡಿಸುವುದು ಚಳಿ ಎಂಬ ಅಭಿಪ್ರಾಯ ಸಾರ್ವಜನಿಕರಲ್ಲಿದೆ. ನಮ್ಮ ಜಿಲ್ಲೆಯ ಮಟ್ಟಿಗೆ ಅದು ಸರಿಯಲ್ಲ. ಚನ್ನಗಿರಿ, ನ್ಯಾಮತಿ ಕಡೆಯ ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಚಳಿಗೆ ಸುಸ್ಥಿತಿಯಲ್ಲಿರುವ ಯಾವ ಕಾರೂ ಚಾಲೂ ಆಗಲು ನಿರಾಕರಿಸುವುದಿಲ್ಲ. ಬ್ಯಾಟರಿಯ ಒಳಗಿನ ಫಲಕಗಳನ್ನು ಸವೆಸುವುದು ಮತ್ತು ನೀರನ್ನು ಆವಿಯಾಗಿಸುವುದು ಬೇಸಿಗೆಯ ಬಿಸಿಲು. ಚಳಿಗಾಲದ ಮುಂಜಾನೆ ಆ ಹಾನಿಯನ್ನು ಹೊರಗೆ ತೋರಿಸುತ್ತದೆ ಅಷ್ಟೆ. ಆದ್ದರಿಂದ ಜಗಳೂರಿನಂತಹ ಬಯಲುಸೀಮೆಯಲ್ಲಿ ಮರದ ಅಥವಾ ಚಪ್ಪರದ ನೆರಳಿನಲ್ಲಿ ಕಾರು ನಿಲ್ಲಿಸುವುದರಿಂದಲೇ ಬ್ಯಾಟರಿಯ ಬಾಳಿಕೆ ಹೆಚ್ಚುತ್ತದೆ. ನೀರು ತುಂಬಿಸುವ ಮಾದರಿಯ ಬ್ಯಾಟರಿಯಾದಲ್ಲಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕತಕ್ಕದ್ದು. ಈ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಲವಣಾಂಶ ಮತ್ತು ಫ್ಲೋರೈಡ್ ಇರುವುದು ಎಲ್ಲರಿಗೂ ತಿಳಿದ ವಿಷಯ. ಆ ನೀರು ಬ್ಯಾಟರಿಗೆ ಹಾನಿಕರ. ಕುಡಿಯುವ ಶುದ್ಧ ನೀರಿನ ಘಟಕದಿಂದ ತಂದ ನೀರು ಕುಡಿಯಲು ಯೋಗ್ಯವಾಗಿದ್ದರೂ ಅದರಲ್ಲಿ ಲವಣಗಳು ಪೂರ್ತಿ ಹೋಗಿರುವುದಿಲ್ಲವಾದ್ದರಿಂದ ಬ್ಯಾಟರಿಗೆ ಸಲ್ಲದು.

ಕಾರಿನ ಬಳಕೆಯ ರೀತಿಯೂ ಒಂದು ಕಾರಣ. ಮಕ್ಕಳು ಬೆಂಗಳೂರಿನಲ್ಲಿದ್ದು, ಊರಿನ ಮನೆಯ ಮುಂದೆ ಕಾರು ಹಬ್ಬದಿಂದ ಹಬ್ಬಕ್ಕೆ ನಿಂತಿರುವುದು ಈಗ ಸಾಮಾನ್ಯ. ನಿಂತ ಕಾರಿನಲ್ಲಿಯೂ ಗಡಿಯಾರ, ಕಳ್ಳತನ ತಡೆಯುವ ಸಾಧನ, ಲಾಕ್ ವ್ಯವಸ್ಥೆ ಇವು ಸ್ವಲ್ಪ ಸ್ವಲ್ಪ ವಿದ್ಯುತ್ ಬಳಸುತ್ತಲೇ ಇರುತ್ತವೆ. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂಬಂತೆ ಎರಡು ಮೂರು ಕಿ.ಮೀ. ಓಡಿಸುವ ಕಾರಿನಲ್ಲಿಯೂ ಸೆಲ್ಫ್ ಹೊಡೆಯಲು ಖರ್ಚಾದ ಚಾರ್ಜ್ ಪೂರ್ಣವಾಗಿ ಮರಳಿ ಜಮೆಯಾಗುವುದಿಲ್ಲ. ಸಾಲ ಬೆಳೆದಂತೆ ಕೊರತೆ ಬೆಳೆಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸುವುದು ಇದಕ್ಕೆ ಪರಿಹಾರ. ನಿಂತಲ್ಲಿಯೇ ಐದು ನಿಮಿಷ ಎಂಜಿನ್ ಓಡಿಸಿ ಆರಿಸುವುದರಿಂದ ಲಾಭಕ್ಕಿಂತ ನಷ್ಟ ಹೆಚ್ಚು.

ಅಡಿಕೆ, ಮೆಕ್ಕೆಜೋಳ ಸಂಗ್ರಹಿಸಿದ ಕಣ ಅಥವಾ ಗೋದಾಮಿನ ಪಕ್ಕದಲ್ಲಿ ಕಾರು ನಿಲ್ಲಿಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಕಾಳಿಗೆ ಬರುವ ಇಲಿ, ಹೆಗ್ಗಣಗಳು ಬಾನೆಟ್ಟಿನೊಳಗೆ ಸೇರಿ ತಂತಿಗಳನ್ನು ಕಡಿಯುತ್ತವೆ. ಹಿಂದಿನ ದಿನ ಸರಿಯಿದ್ದ ಕಾರು ಏಕಾಏಕಿ ತೊಂದರೆ ಕೊಟ್ಟರೆ ಮೊದಲು ಟಾರ್ಚು ಹಿಡಿದು ತಂತಿಗಳನ್ನು ನೋಡುವುದು ಲೇಸು.

ಇಳಿದ ಬ್ಯಾಟರಿಗೆ ಬೇರೊಂದು ವಾಹನದ ಬ್ಯಾಟರಿಯಿಂದ ತಂತಿ ಜೋಡಿಸಿ ಚಾಲೂ ಮಾಡುವಾಗ ಪ್ಲಸ್‌ಗೆ ಪ್ಲಸ್ ಜೋಡಿಸಿ, ಮೈನಸ್ ತಂತಿಯ ಕೊನೆಯ ತುದಿಯನ್ನು ಇಳಿದ ಬ್ಯಾಟರಿಗೆ ಸಿಕ್ಕಿಸದೆ ಅದೇ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಸಿಕ್ಕಿಸಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಹತ್ತಿರದಲ್ಲಿ ಕಿಡಿಯಾಗಲಿ, ಬೀಡಿ ಸಿಗರೇಟಾಗಲಿ ಇರಬಾರದು. ಟ್ರ್ಯಾಕ್ಟರಿನ ಬ್ಯಾಟರಿ ಬಳಸುವುದಾದರೆ ಅದು 12 ವೋಲ್ಟಿನದೇ ಎಂದು ನೋಡಿಕೊಳ್ಳಬೇಕು. ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ, ಅದನ್ನು ಕಾರಿಗೆ ಜೋಡಿಸಿದಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುತ್ತವೆ.

ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ: ಪೆಟ್ರೋಲ್ ವಾಹನ

ಇಂಜೆಕ್ಷನ್ ವ್ಯವಸ್ಥೆಯ ಕಾರುಗಳಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಕೀಲಿಯನ್ನು 'ಆನ್' ಸ್ಥಾನಕ್ಕೆ ಮಾತ್ರ ತಿರುಗಿಸಿ ಮೂರು ಸೆಕೆಂಡು ಬಿಡಿರಿ. ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಶಬ್ದ ಕೇಳಿ ನಿಲ್ಲಬೇಕು. ಆಫ್ ಮಾಡಿ, ಹೀಗೆಯೇ ಮೂರು ಬಾರಿ ಮಾಡಿ, ನಾಲ್ಕನೆಯ ಬಾರಿ ಸೆಲ್ಫ್ ಹೊಡೆಯಿರಿ. ತಕ್ಷಣ ಹತ್ತಿಕೊಂಡರೆ, ಕಾರು ನಿಂತಿದ್ದಾಗ ಪೈಪಿನಲ್ಲಿರಬೇಕಾದ ಇಂಧನದ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಪಂಪಿನೊಳಗಿನ ತಡೆಕವಾಟ ಅಥವಾ ಸೋರುವ ಇಂಜೆಕ್ಟರ್ ಇದಕ್ಕೆ ಕಾರಣ. ಪಂಪಿನ ಶಬ್ದವೇ ಕೇಳದಿದ್ದಲ್ಲಿ ಪಂಪು ಬದಲಿಸುವ ಮೊದಲು ಅದರ ಫ್ಯೂಸು ಮತ್ತು ರಿಲೇ ನೋಡಿಸಬೇಕು. ಮೂರು ಬಾರಿ ಮಾಡಿದರೂ ವ್ಯತ್ಯಾಸವಾಗದಿದ್ದಲ್ಲಿ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಮತ್ತು ಎಂಜಿನ್ ತಾಪಮಾನದ ಸೆನ್ಸರ್ ಕಡೆ ಹೋಗಬೇಕು. ಮೆಕ್ಕೆಜೋಳ ಒಕ್ಕಣೆಯ ಕಾಲದಲ್ಲಿ ಏರ್ ಫಿಲ್ಟರ್ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆಂಬುದನ್ನು ತೆಗೆದು ನೋಡಿದವರು ಮಾತ್ರ ನಂಬುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿಹ್ನೆ ಮಿನುಗುತ್ತಿದ್ದರೆ ದೋಷ ಎಂಜಿನ್ನಿನದಲ್ಲ, ಕೀಲಿಯನ್ನು ಕಾರು ಗುರುತಿಸುತ್ತಿಲ್ಲ. ಮನೆಯಲ್ಲಿರುವ ಎರಡನೆಯ ಕೀಲಿಯಿಂದ ಪ್ರಯತ್ನಿಸಬೇಕು.

ತಪಾಸಣೆಗೆ ಬರುವವರಿಗೆ ಹೆಚ್ಚು ಪ್ರಸ್ತುತವಾದದ್ದು ಬಿಸಿ ಎಂಜಿನ್ನಿನ ತೊಂದರೆ. ಬೆಳಿಗ್ಗೆ ಒಂದೇ ಬಾರಿಗೆ ಚಾಲೂ ಆಗಿ, ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ದಾವಣಗೆರೆ ತಲುಪಿ, ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿದ ಮೇಲೆ ಮಾತ್ರ ಹಟ ಮಾಡುವ ಕಾರುಗಳಿವೆ. ಇಲ್ಲಿ ಮೂರು ಸಂಭವಗಳನ್ನು ಬೇರ್ಪಡಿಸಬೇಕು. ಎಂಜಿನ್ ಭಾರವಾಗಿ ತಿರುಗಿದರೆ ಸೆಲ್ಫ್ ಮೋಟಾರಿನ ಬುಶ್, ಕಾರ್ಬನ್ ಸವೆದಿವೆ. ಬಿಸಿಯಲ್ಲಿ ಅದು ಬಿಗಿಯುತ್ತದೆ. ಚುರುಕಾಗಿ ತಿರುಗಿ ಪೆಟ್ರೋಲ್ ವಾಸನೆ ಬಂದರೆ ಇಂಜೆಕ್ಟರ್ ಸೋರಿ ಎಂಜಿನ್ನಿನಲ್ಲಿ ಪೆಟ್ರೋಲ್ ಹೆಚ್ಚಾಗಿದೆ. ಅನೇಕ ಮಾದರಿಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಇಂಧನ ನಿಂತು ಗಾಳಿ ಮಾತ್ರ ಹೋಗಿ ಎಂಜಿನ್ ಹತ್ತಿಕೊಳ್ಳುತ್ತದೆ. ವಾಸನೆಯೂ ಇಲ್ಲದೆ, ಸೆಲ್ಫ್ ಹೊಡೆಯುವಾಗ ಆರ್.ಪಿ.ಎಂ. ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈಕೊಡುತ್ತಿರುವ ಸಂಭವ ಹೆಚ್ಚು. ತಣ್ಣಗಾದ ಕಾರನ್ನು ಗ್ಯಾರೇಜಿಗೆ ಒಯ್ದರೆ ಈ ದೋಷ ಅಲ್ಲಿ ಕಾಣಿಸುವುದೇ ಇಲ್ಲ. ಓಡಿಸಿ ಬಿಸಿ ಮಾಡಿಕೊಂಡೇ ಒಯ್ಯಬೇಕು.

ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೆಲವು ಉಳಿದಿವೆ. ಅವುಗಳಲ್ಲಿ ಚೋಕ್ ತಂತಿ ಪೂರ್ತಿ ಎಳೆಯುತ್ತಿದೆಯೇ ಎಂಬುದೇ ಮೊದಲ ಪರೀಕ್ಷೆ. ಕಾರ್ಬ್ಯುರೇಟರಿನ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿದು ಚಾಲೂ ಮಾಡುವ ಪದ್ಧತಿಯನ್ನು ಕೂಡಲೇ ಕೈಬಿಡತಕ್ಕದ್ದು. ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಬಾಟಲಿ ಹಿಡಿದ ಕೈಗೇ ಬೆಂಕಿ ಹತ್ತುತ್ತದೆ.

ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2025ರಲ್ಲಿ ದೇಶದಲ್ಲಿ ಶೇ. 20ಕ್ಕೆ ತಲುಪಿದ್ದು, ತಮ್ಮ ಕಾರಿನ ತೊಂದರೆಗೆ ಇದೇ ಕಾರಣವೇ ಎಂದು ಸಂದೇಹಿಸುವವರಿದ್ದಾರೆ. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ಇದು ತೊಂದರೆ ಕೊಡಬಹುದು; ಹಳೆಯ ಕಾರುಗಳ ರಬ್ಬರ್ ಪೈಪುಗಳೂ ಬೇಗ ಸಡಿಲವಾಗಬಹುದು. ದಿನನಿತ್ಯ ಓಡುವ ಕಾರು ತಡವಾಗಿ ಚಾಲೂ ಆಗುವುದಕ್ಕೆ ಎಥನಾಲನ್ನು ದೂರುವ ಮೊದಲು ಪ್ಲಗ್ ಮತ್ತು ಫಿಲ್ಟರ್ ಪರೀಕ್ಷಿಸುವುದು ನ್ಯಾಯ.

ಡೀಸೆಲ್ ವಾಹನ

ಡೀಸೆಲ್ ವಾಹನದಲ್ಲಿ ಸೆಲ್ಫ್ ಹೊಡೆಯುವಾಗ ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಸೈಲೆನ್ಸರ್ ನೋಡಿಸಿರಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಎಂಜಿನ್ನಿಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಹೀಟರ್ ಪ್ಲಗ್ಗುಗಳು ಅಥವಾ ಎಂಜಿನ್ನಿನ ಕಂಪ್ರೆಷನ್ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಫಿಲ್ಟರ್, ಏರ್ ಲಾಕ್ ಅಥವಾ ಪಂಪಿನ ಕಡೆ ನೋಡಬೇಕು. ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾಯದೆ ಸೆಲ್ಫ್ ಹೊಡೆಯುವುದು ಅನೇಕ ಚಾಲಕರ ರೂಢಿ. ಕಾದ ಮೇಲೂ ಬೆಳಿಗ್ಗೆ ಮಾತ್ರ ತೊಂದರೆಯಿದ್ದು ಮಧ್ಯಾಹ್ನ ಇಲ್ಲವಾದರೆ ಒಂದೆರಡು ಹೀಟರ್ ಪ್ಲಗ್ ಕೆಟ್ಟಿರುವುದು ಬಹುತೇಕ ನಿಶ್ಚಿತ.

ಫಿಲ್ಟರ್ ಮೇಲೆ ಕೈಪಂಪು ಇರುವ ವಾಹನಗಳಲ್ಲಿ ಅದನ್ನು ಹತ್ತು ಹದಿನೈದು ಬಾರಿ ಒತ್ತಿ ಸೆಲ್ಫ್ ಹೊಡೆದಾಗ ಕೂಡಲೇ ಚಾಲೂ ಆದರೆ, ರಾತ್ರಿ ಎಲ್ಲೋ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತಿದೆ. ಸಡಿಲ ಕ್ಲಿಪ್ಪು, ಒಡೆದ ಪೈಪು, ಹಳೆಯ ವಾಷರು ಇವು ಸಾಮಾನ್ಯ ಕಾರಣಗಳು. ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿಗೆ ಎಂದು ಕ್ಯಾನಿನಲ್ಲಿ ತಂದಿಟ್ಟ ಡೀಸೆಲನ್ನೇ ಜೀಪಿಗೂ ಸುರಿಯುವ ರೈತ ಕುಟುಂಬಗಳು ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರು ಹೊರಹಾಕುವುದನ್ನು ಮಳೆಗಾಲದಲ್ಲಿ ತಪ್ಪದೆ ಮಾಡಬೇಕು.

ಅನಿಲ ಕಿಟ್ ಅಳವಡಿಸಿದ ವಾಹನಗಳು

ಅನಿಲದಲ್ಲಿ ಓಡುವ ಕಾರುಗಳು ಸಾಮಾನ್ಯವಾಗಿ ಪೆಟ್ರೋಲಿನಲ್ಲಿ ಚಾಲೂ ಆಗಿ ನಂತರ ಅನಿಲಕ್ಕೆ ಬದಲಾಗುತ್ತವೆ. ಪೆಟ್ರೋಲ್ ಉಳಿಸಲೆಂದು ಟ್ಯಾಂಕನ್ನು ಸದಾ ಖಾಲಿ ಇಟ್ಟಲ್ಲಿ ಪಂಪು ಒಣಗಿ ಕೆಡುತ್ತದೆ. ಚಾಲೂ ಆಗಲು ವಿಳಂಬವಾಗುವುದು ಅದರ ಮೊದಲ ಸೂಚನೆ. ಅನುಮೋದಿತ ಕಿಟ್ ಅಳವಡಿಸಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಂಡಿರುವುದು ಕಡ್ಡಾಯ. ಗೃಹಬಳಕೆಯ ಸಿಲಿಂಡರನ್ನು ವಾಹನದಲ್ಲಿ ಬಳಸುವುದು ನಿಷಿದ್ಧ ಮಾತ್ರವಲ್ಲ, ಅನಿಲ ಸೋರಿದ ವಾಹನದೊಳಗೆ ಮತ್ತೆ ಮತ್ತೆ ಸೆಲ್ಫ್ ಹೊಡೆದಾಗ ಏಳುವ ಒಂದು ಕಿಡಿಯಿಂದ ಶಾಲಾ ಮಕ್ಕಳೂ ಸೇರಿ ಒಳಗಿದ್ದವರೆಲ್ಲರ ಪ್ರಾಣಕ್ಕೆ ಅಪಾಯವಿದೆ. ಅನಿಲದ ವಾಸನೆ ಬಂದಲ್ಲಿ ಕೀಲಿ ಮುಟ್ಟದೆ ಬಾಗಿಲು ತೆರೆದು ಎಲ್ಲರೂ ಕೆಳಗಿಳಿಯತಕ್ಕದ್ದು.

ಹೊಗೆ ತಪಾಸಣಾ ಪತ್ರವನ್ನು ಓದಿಕೊಳ್ಳಿರಿ

ಪ್ರತಿಯೊಬ್ಬ ಮಾಲೀಕರ ಬಳಿಯೂ ಇರುವ, ಆದರೆ ಯಾರೂ ಓದದ ಒಂದು ದಾಖಲೆಯೆಂದರೆ ಹೊಗೆ ತಪಾಸಣಾ ಪ್ರಮಾಣಪತ್ರ. ಪೆಟ್ರೋಲ್ ಕಾರಿನ ಪತ್ರದಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಎಂಬ ಎರಡು ಅಂಕಿಗಳಿರುತ್ತವೆ. ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಇವುಗಳ ಮಿತಿ ಕ್ರಮವಾಗಿ ಶೇ. 0.5 ಮತ್ತು ದಶಲಕ್ಷದಲ್ಲಿ 750 ಭಾಗ. ಸ್ಟೇಜ್ 4ರ ಕಾರುಗಳಿಗೆ ಶೇ. 0.3 ಮತ್ತು 200 ಭಾಗ. ಮೊದಲ ಅಂಕಿ ಕಳೆದ ಬಾರಿಗಿಂತ ಏರಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ ಹೋಗುತ್ತಿದೆ: ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಬೇಕು. ಎರಡನೆಯದು ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಹೋಗುತ್ತಿದೆ: ಪ್ಲಗ್, ಅದರ ತಂತಿ, ಕಾಯಿಲ್ ನೋಡಿಸಬೇಕು. ಹಳೆಯ ಎರಡು ಮೂರು ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ದೋಷ ಯಾವಾಗ ಆರಂಭವಾಯಿತೆಂಬುದೂ ತಿಳಿಯುತ್ತದೆ. ಸ್ಟೇಜ್ 4 ಹಾಗೂ ನಂತರದ ವಾಹನಗಳಿಗೆ ಈ ಪತ್ರ ಒಂದು ವರ್ಷ, ಅದಕ್ಕೂ ಹಿಂದಿನವುಗಳಿಗೆ ಆರು ತಿಂಗಳು ಊರ್ಜಿತ. ಸ್ಟೇಜ್ 4 ದೇಶಾದ್ಯಂತ ಜಾರಿಗೆ ಬಂದದ್ದು 2017ರ ಏಪ್ರಿಲ್ 1ರಿಂದ; ಆದ್ದರಿಂದ ಈಗ 15 ವರ್ಷ ಪೂರೈಸುತ್ತಿರುವ ನಮ್ಮ ತಾಲ್ಲೂಕುಗಳ ಅನೇಕ ಕಾರುಗಳು ಆರು ತಿಂಗಳ ವರ್ಗಕ್ಕೆ ಸೇರುತ್ತವೆ.

ಅರ್ಜಿದಾರರು ಗಮನಿಸಬೇಕಾದ ಇತರ ಅಂಶಗಳು

ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರನ್ನು ಪದೇಪದೇ ತಳ್ಳಿ ಚಾಲೂ ಮಾಡುವುದರಿಂದ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಹಾಳುಮಾಡುತ್ತದೆ. ತದನಂತರ ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾಗುವುದು ಕಷ್ಟ. ಆಟೋಮ್ಯಾಟಿಕ್ ಗೇರಿನ ಕಾರು ತಳ್ಳಿದರೆ ಚಾಲೂ ಆಗುವುದಿಲ್ಲ.

ಚಾಲೂ ಆಗದ ತೊಂದರೆಯಿಂದ ಬೇಸತ್ತು ಹಳೆಯ ಎಂಜಿನ್ ತೆಗೆಸಿ ಬೇರೆ ಎಂಜಿನ್ ಹಾಕಿಸಿದವರು ಆ ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು. ತಪಾಸಣೆಯ ಸಮಯದಲ್ಲಿ ಎಂಜಿನ್ ಸಂಖ್ಯೆಯು ದಾಖಲೆಯೊಂದಿಗೆ ತಾಳೆಯಾಗದಿದ್ದಲ್ಲಿ, ಕಾರು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅರ್ಜಿ ಮುಂದುವರಿಯುವುದಿಲ್ಲ. ನೋಂದಣಿ ಅವಧಿ ಮುಗಿದ ಕಾರನ್ನು ರಸ್ತೆಯಲ್ಲಿ ಚಲಾಯಿಸುವಂತಿಲ್ಲವಾದ್ದರಿಂದ ರಿಪೇರಿಯನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳದೆ, ಮೇಲೆ ತಿಳಿಸಿದ 60 ದಿನಗಳ ಅವಕಾಶದ ಆರಂಭದಲ್ಲಿಯೇ ಮುಗಿಸಿಕೊಳ್ಳಲು ಕೋರಲಾಗಿದೆ. ತಪಾಸಣೆಯ ಹಿಂದಿನ ದಿನ ಕಾರನ್ನು ಅರ್ಧ ಗಂಟೆ ಓಡಿಸಿ, ಇಪ್ಪತ್ತು ನಿಮಿಷ ನಿಲ್ಲಿಸಿ, ಮತ್ತೆ ಚಾಲೂ ಮಾಡಿ ನೋಡಿದರೆ ಸರತಿಯಲ್ಲಿ ಏನಾಗಬಹುದೆಂಬುದು ಮನೆಯಲ್ಲಿಯೇ ಗೊತ್ತಾಗುತ್ತದೆ.

ಬ್ಯಾಟರಿ ಖರೀದಿಸಿದಾಗ ದಿನಾಂಕ ಮತ್ತು ಕ್ರಮಸಂಖ್ಯೆ ನಮೂದಿಸಿದ ರಸೀದಿ ಹಾಗೂ ವಾರಂಟಿ ಕಾರ್ಡನ್ನು ಕೇಳಿ ಪಡೆಯಬೇಕು. ರಸೀದಿಯಿಲ್ಲದೆ ವಾರಂಟಿ ಕೇಳುವುದು ಕಷ್ಟಸಾಧ್ಯ. ವಾರಂಟಿ ನಿರಾಕರಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಹಳೆಯ ಬ್ಯಾಟರಿಯನ್ನು ಅದೇ ಅಂಗಡಿಗೆ ಹಿಂದಿರುಗಿಸಿ ಅದರ ಮೌಲ್ಯವನ್ನು ಬಿಲ್ಲಿನಲ್ಲಿ ಕಡಿತಗೊಳಿಸಿಕೊಳ್ಳುವುದು ರೂಢಿಯಲ್ಲಿದೆ. ಅದರಲ್ಲಿರುವ ಸೀಸ ಮತ್ತು ಆಮ್ಲ ವಿಷಕಾರಿಯಾದ್ದರಿಂದ ತಿಪ್ಪೆಗಾಗಲಿ, ಕೆರೆಯಂಗಳಕ್ಕಾಗಲಿ, ನಾಲೆಗಾಗಲಿ ಎಸೆಯಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು, 2022ರ ಪ್ರಕಾರವೂ ಅದನ್ನು ಇತರ ಕಸದಿಂದ ಬೇರ್ಪಡಿಸಿ ಸಂಗ್ರಹ ಅಥವಾ ಮರುಬಳಕೆ ವ್ಯವಸ್ಥೆಗೆ ಒಪ್ಪಿಸತಕ್ಕದ್ದು.